ಇಗರ್ಜಿಯ ಜೀರ್ಣೋದ್ಧಾರವೆಂದರೇನು?

ಜೀರ್ಣವಾದುದನ್ನು ಉದ್ಧರಿಸುವುದು ಜೀರ್ಣೋದ್ಧಾರ. ಅದನ್ನು ನೆಲಸಮ ಮಾಡಿ, ಹೊಸದೊಂದಕ್ಕೆ ಹಳೆಯ ಹೆಸರನ್ನಿಡುವುದು ಬೇರೆಯೇ ಕಾರ್ಯ. ಕರಾವಳಿಯ ಹಳೆಯ ಇಗರ್ಜಿಗಳ ವಿಷಯದಲ್ಲಿ ಇವೆರಡಕ್ಕೂ ಒಂದೇ ಶಬ್ದವು ಸಲ್ಲುತ್ತಲಿದೆ. ಇದು ಬರಿಯ ಶಬ್ದಚರ್ಚೆಯೆಂದು ವಾಚಕರು ತಿಳಿಯಬಾರದು. ಈ ಶಬ್ದದ ಮರೆಯಲ್ಲಿಯೇ ಗೋಡೆಗಳು ಉರುಳುವುವು.

ಕೆಡಹುವವರ ವಾದಗಳು ಮೂರು: ರೋಮಿನ ಸಂತ ಪೇತ್ರರ ಮಹಾದೇವಾಲಯವೂ ಹಳೆಯದನ್ನು ಕೆಡಹಿ ಕಟ್ಟಿದುದೇ, ಮುರಕಲ್ಲಿನ ಗೋಡೆಯು ತೇವವನ್ನು ಹೀರುವುದು, ಭಕ್ತಜನರು ಹೆಚ್ಚಿ ಸ್ಥಳವು ಸಾಲದಾಗಿದೆ.

ರೋಮಿನ ದೃಷ್ಟಾಂತವನ್ನು ತರುವವರು ಅದನ್ನು ಪೂರ್ತಿಯಾಗಿ ತರಲಿ. ಕಾನ್‌ಸ್ಟಂಟೈನನ ಕಾಲದ, ಸುಮಾರು ಹನ್ನೆರಡು ಶತಮಾನಗಳ ದೇವಾಲಯವನ್ನು ತೆಗೆದು ಎರಡನೆಯ ಜೂಲಿಯಸ್ ಪೋಪರು ಅಡಿಗಲ್ಲನ್ನಿಟ್ಟುದು 1506ರಲ್ಲಿ, ಪ್ರತಿಷ್ಠೆಯಾದುದು 1626ರಲ್ಲಿ. ನಡುವೆ ಕಳೆದುದು ನೂರಿಪ್ಪತ್ತು ವರ್ಷ. ಅದರ ವೆಚ್ಚಕ್ಕಾಗಿ ಪಾಪದಂಡವಿಮೋಚನೆಯ ಪತ್ರಗಳನ್ನು ಹಂಚಿದುದೇ 1517ರಲ್ಲಿ ಲೂಥರನ ಪ್ರತಿಭಟನೆಗೆ ಕಾರಣವಾಯಿತು. ಇಷ್ಟೆಲ್ಲವನ್ನು ತೆತ್ತ ರೋಮಿಗೆ ಮೈಕೆಲೇಂಜೆಲೊ ದೊರೆತನು. ನಮ್ಮ ಕಟ್ಟಡ ಸಮಿತಿಗಳಿಗೆ ದೊರೆಯುವವರಾರು?

ಇನ್ನು ತೇವದ ಮಾತು. ಮುರಕಲ್ಲು ನೀರನ್ನು ಹೀರುವುದು ನಿಜ. ಸುಣ್ಣದ ಗಾರೆಯು ಅದನ್ನು ಬಿಸಿಲಿಗೆ ಹೊರಬಿಡುವುದೂ ಅಷ್ಟೇ ನಿಜ. ಆ ಗಾರೆಯನ್ನು ಕೆತ್ತಿ ಸಿಮೆಂಟು ಬಳಿದರೆ ನೀರು ಒಳಗೇ ಸೆರೆಯಾಗಿ ಗೋಡೆಯು ಶಿಥಿಲವಾಗುವುದು. ಆಮೇಲೆ ಗೋಡೆಯದೇ ದೋಷವೆನ್ನುವುದು, ರೋಗವನ್ನು ತಂದಿತ್ತ ವೈದ್ಯನೇ ರೋಗಿಯನ್ನು ಹೂಳಲು ಅಪ್ಪಣೆ ಬೇಡಿದಂತೆ. ಕಡಲಿನ ಉಪ್ಪುಗಾಳಿಯು ಕಾಂಕ್ರೀಟಿನೊಳಗಿನ ಕಬ್ಬಿಣವನ್ನೂ ಬಿಡುವುದಿಲ್ಲವೆಂಬುದು ನೆನಪಿರಲಿ.

ಸ್ಥಳದ ಕೊರತೆಯು ಮಾತ್ರ ತಳ್ಳಿಹಾಕತಕ್ಕ ವಾದವಲ್ಲ. ಮಳೆಯಲ್ಲಿ ಹೊರಗೆ ನಿಂತು ಪೂಜೆಯನ್ನು ಕೇಳುವ ಮುದುಕಿಗೆ ಕಲೆಯ ಹಿರಿಮೆಯನ್ನು ಬೋಧಿಸುವುದು ನಿಷ್ಕರುಣೆ. ಆದರೆ ವಿಸ್ತರಣಕ್ಕೂ ಸಂಹಾರಕ್ಕೂ ನಂಟೇನು? ಪಕ್ಕದ ಜಗಲಿಗಳನ್ನು ಅಗಲಿಸಬಹುದು. ಪೂಜೆಗಳ ಸಂಖ್ಯೆಯನ್ನು ಹೆಚ್ಚಿಸಬಹುದು. ಸಾಲದಿದ್ದರೆ ಬದಿಯಲ್ಲಿ ಹೊಸದನ್ನು ಕಟ್ಟಬಹುದು. ಇಂಗ್ಲೆಂಡಿನ ಕಾವೆಂಟ್ರಿಯ ದೇವಾಲಯವು 1940ರ ನವೆಂಬರಿನಲ್ಲಿ ಬಾಂಬಿಗೆ ತುತ್ತಾಗಿ ಬರಿಯ ಗೋಡೆಗಳುಳಿದುವು. ಆ ಬರಿಗೋಡೆಗಳನ್ನೂ ಕೆಡಹದೆ, ಅವುಗಳ ಮಗ್ಗುಲಲ್ಲೇ ಬೇಸಿಲ್ ಸ್ಪೆನ್ಸನು ಹೊಸ ದೇವಾಲಯವನ್ನು ಕಟ್ಟಿದನು. 1962ರಲ್ಲಿ ಅದರ ಪ್ರತಿಷ್ಠೆಯಾಯಿತು. ಶತ್ರುವು ಸುಟ್ಟುದನ್ನು ಅವರು ಉಳಿಸಿಕೊಂಡರು. ಪೂರ್ವಿಕರು ಕೊಟ್ಟುದನ್ನು ನಾವು ಕೆಡಹುವುದೇ?

ನಮ್ಮಲ್ಲಿಯೂ ಸನ್ಮಾರ್ಗದ ನಿದರ್ಶನವಿಲ್ಲದಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿಯು 1899ರಿಂದ ಬರೆದ ಚಿತ್ರಗಳು ಮಾಸಿದಾಗ, 1990ರ ದಶಕದಲ್ಲಿ ತಜ್ಞರು ಅವನ್ನು ತಾಳ್ಮೆಯಿಂದ ಸಂರಕ್ಷಿಸಿದರು. ಸುಣ್ಣ ಬಳಿಯುವುದು ಅದಕ್ಕಿಂತ ಎಷ್ಟೋ ಸುಲಭವಾಗಿದ್ದಿತು!

ಆದುದರಿಂದ ಸಮಿತಿಗಳವರಲ್ಲಿ ನಮ್ಮ ಬಿನ್ನಹವಿಷ್ಟೆ: ಹಾರೆಯನ್ನೆತ್ತುವ ಮೊದಲು ಸುಣ್ಣದ ಕೆಲಸವನ್ನು ಬಲ್ಲವರಿಂದ ಕಟ್ಟಡವನ್ನು ಪರೀಕ್ಷೆ ಮಾಡಿಸಿರಿ, ಅವರ ವರದಿಯನ್ನು ಎಲ್ಲ ಕುಟುಂಬಗಳ ಮುಂದಿಡಿರಿ, ಜನರ ಲೆಕ್ಕವನ್ನು ಹಬ್ಬದ ದಿನವಲ್ಲದೆ ಸಾಮಾನ್ಯ ಭಾನುವಾರಗಳಲ್ಲಿ ತೆಗೆಯಿರಿ. ಇವು ಮೂರೂ ಆದ ಮೇಲೂ ಕೆಡಹಲೇಬೇಕೆಂದು ಕಂಡರೆ ಕೆಡಹಿರಿ. ಆದರೆ ಅದನ್ನು ಜೀರ್ಣೋದ್ಧಾರವೆಂದು ಕರೆಯಬೇಡಿರಿ.