ಮುಂಗಡ ಕೊಡುವ ಮೊದಲು ಮುಚ್ಚಳ ತೆಗೆಸಿ

ಮಲ್ಕಾಜ್‌ಗಿರಿಯಲ್ಲಿ ಹಳೆಯ ಮನೆಯನ್ನೋ ಫ್ಲ್ಯಾಟನ್ನೋ ಕೊಳ್ಳಲು ಹೊರಟವರು ಕಡಿಮೆ ಎಚ್ಚರ ವಹಿಸುವುದಿಲ್ಲ. ಇಸಿ ತೆಗೆಸುತ್ತಾರೆ, ಲಿಂಕ್ ಡಾಕ್ಯುಮೆಂಟುಗಳನ್ನು ವಕೀಲರಿಗೆ ತೋರಿಸುತ್ತಾರೆ, ಬೇಸಿಗೆಯಲ್ಲಿ ಬೋರ್ ಬತ್ತುತ್ತದೆಯೇ ಎಂದು ವಾಚ್‌ಮನ್‌ನನ್ನು ಕೇಳುತ್ತಾರೆ. ವಾಸ್ತುವಿನವರನ್ನು ಕರೆತಂದು ಶೌಚಾಲಯ ಯಾವ ಮೂಲೆಗಿದೆ ಎಂದು ನೋಡಿಸುತ್ತಾರೆ. ಆ ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಸಿಕಂದರಾಬಾದಿನ ಸುತ್ತ ನೌಕರಿಗೆ ಬಂದು ಅಲ್ಲೇ ನೆಲೆನಿಂತ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ.

ಇದು ಹಣದ ಕೊರತೆಯಿಂದ ಆದದ್ದಲ್ಲ. ತೆಲಂಗಾಣದಲ್ಲಿ 2021ರ ಜುಲೈಯಲ್ಲಿ ನೋಂದಣಿಯ ಒಟ್ಟು ಖರ್ಚು ಶೇ 6ರಿಂದ ಶೇ 7.5ಕ್ಕೆ ಏರಿತು. ಆ ಲೆಕ್ಕದಲ್ಲಿ 60 ಲಕ್ಷದ ಫ್ಲ್ಯಾಟಿಗೆ ನಾಲ್ಕೂವರೆ ಲಕ್ಷ ರೂಪಾಯಿ. ಅಷ್ಟನ್ನು ಕಾಗದಕ್ಕೆ ಸುರಿಯುವವರು ಒಬ್ಬ ಅನುಭವಿ ಪ್ಲಂಬರನಿಗೆ ಅರ್ಧ ದಿನದ ಕೂಲಿ ಕೊಟ್ಟು ಚೇಂಬರ್ ತೆಗೆಸುವುದಿಲ್ಲ. ಬ್ಯಾಂಕಿನ ಮೌಲ್ಯಮಾಪಕ ನೋಡಿಯಾನು ಎಂಬುದು ಸುಳ್ಳು ಸಮಾಧಾನ. ಆತ ಬರುವುದು ಸಾಲಕ್ಕೆ ಆಸ್ತಿ ಸಾಕೇ ಎಂದು ನೋಡಲು.

ಮಲ್ಕಾಜ್‌ಗಿರಿಯಲ್ಲಿ ಈ ಉದಾಸೀನ ಇನ್ನಷ್ಟು ದುಬಾರಿ. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಬಂದ ಎಂ. ವಿಶ್ವೇಶ್ವರಯ್ಯನವರು ಜಲಾಶಯಗಳ ಜೊತೆಗೆ ಒಳಚರಂಡಿಯ ಯೋಜನೆಯನ್ನೂ ಮುಂದಿಟ್ಟರು. 1931ರ ಹೊತ್ತಿಗೆ ಬಂದ ಆ ವ್ಯವಸ್ಥೆ 54 ಚದರ ಕಿಲೋಮೀಟರಿನ ನಗರಕ್ಕೆ, 4.68 ಲಕ್ಷ ಜನರಿಗೆ ಎಂದು ಲೆಕ್ಕ ಹಾಕಿದ್ದು. ಮಲ್ಕಾಜ್‌ಗಿರಿ ಪ್ರತ್ಯೇಕ ಪುರಸಭೆಯಾಗಿದ್ದು ಜಿಎಚ್‌ಎಂಸಿಗೆ ಸೇರಿದ್ದೇ 2007ರಲ್ಲಿ. ಸೇರಿದ ಮೇಲೂ ಇಂಥ ಹೊರವಲಯದ ಒಳಚರಂಡಿಯ ನಿರ್ವಹಣೆ ಪಾಲಿಕೆಯಲ್ಲೇ ಉಳಿದು, ಜಲಮಂಡಳಿಗೆ ಹೋದದ್ದು 2021ರಲ್ಲಿ. ಅಂದರೆ 25 ವರ್ಷ ಹಳೆಯ ಮನೆಯ ಚರಂಡಿ ಪುರಸಭೆ, ಪಾಲಿಕೆ, ಮಂಡಳಿ ಎಂದು ಮೂರು ಕೈ ದಾಟಿದೆ. ಜಲಮಂಡಳಿಯ ಕ್ಯಾನ್ ನಂಬರ್ ಇದೆ ಎಂದು ಮಾರುವವರು ಬಿಲ್ಲು ತೋರಿಸುತ್ತಾರೆ. ಮನೆಗೆ ನೀರು ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಹೋದ ನೀರು ಮುಖ್ಯ ಕೊಳವೆಗೆ ಸೇರುತ್ತದೋ, ಹಿತ್ತಲಿನ ಹಳೆಯ ಗುಂಡಿಗೋ, ಮಳೆನೀರಿನ ನಾಲಾಕ್ಕೋ ಎಂಬುದಕ್ಕಲ್ಲ.

ಇನ್ನು ನೆಲದ ಮಟ್ಟ. ನಾಲ್ಕು ಇಂಚಿನ ಕೊಳವೆಗೆ ಸಾಮಾನ್ಯವಾಗಿ 40 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಬೇಕು. ಮೇಸ್ತ್ರಿಗಳು ಅದನ್ನು ವಾಟ ಎನ್ನುತ್ತಾರೆ. ಹಳೆಯ ಕಾಲೊನಿಗಳಲ್ಲಿ ರಸ್ತೆಯ ಮೇಲೆ ರಸ್ತೆ ಹಾಕಿ, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕಾಗಿದೆ. ರಸ್ತೆಯ ಮ್ಯಾನ್‌ಹೋಲ್ ತುಂಬಿದಾಗ ಕೊಳಚೆ ಹಿಂದಕ್ಕೆ ನುಗ್ಗಿ ಅತಿ ತಗ್ಗಿನ ಬಾಯಿಯಲ್ಲಿ ಏಳುತ್ತದೆ. ಆ ಬಾಯಿ ನೆಲಮಹಡಿಯ ಸ್ನಾನದ ಮನೆಯದು. ಟೆರೇಸಿನ ಮಳೆನೀರನ್ನೂ ಇದೇ ಕೊಳವೆಗೆ ಬಿಟ್ಟಿದ್ದರೆ ಒಂದು ಜೋರು ಮಳೆ ಸಾಕು. ಮೇಲೆ ಹೊಸ ಗ್ರಾನೈಟ್ ಹಾಸಿದ್ದರೂ ಕೆಳಗೆ ಕೀಲು ಬಿಟ್ಟ ಹಳೆಯ ಪಿಂಗಾಣಿ ಕೊಳವೆಯೇ ಇರಬಹುದು. ಅಂಥ ಕೀಲುಗಳೊಳಗೆ ಬೇರು ಇಳಿಯುತ್ತದೆ.

ಕೊಂಡ ಮೇಲೆ ಗೊತ್ತಾದರೆ ಕಾನೂನು ಕಾಯುತ್ತದೆ ಎಂದುಕೊಳ್ಳುವವರು ಕಾನೂನನ್ನು ಪೂರ್ತಿ ಓದಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು, ಆಸ್ತಿಯ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು ಎನ್ನುತ್ತದೆ. ಆದರೆ ಆ ದೋಷ ಅವನಿಗೆ ಗೊತ್ತಿರಬೇಕು, ಮತ್ತು ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾರದ್ದಾಗಿರಬೇಕು. ಅಂಗಳದಲ್ಲೇ ಇದ್ದ ಮುಚ್ಚಳವನ್ನು ಎತ್ತಿ ನೋಡದವನು ಸಾಮಾನ್ಯ ಎಚ್ಚರ ವಹಿಸಿದೆ ಎಂದು ಯಾವ ಮುಖದಲ್ಲಿ ಹೇಳುತ್ತಾನೆ? 2016ರ ರೇರಾ ಕಾಯ್ದೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಂಡ ದೋಷವನ್ನು ನಿರ್ಮಾಪಕನೇ ಖರ್ಚಿಲ್ಲದೆ ಸರಿಪಡಿಸಬೇಕು ಎನ್ನುತ್ತದೆ. 20 ವರ್ಷದ ಫ್ಲ್ಯಾಟನ್ನು ಎರಡನೆಯ, ಮೂರನೆಯ ಕೈಯಿಂದ ಕೊಳ್ಳುವವರಿಗೆ ಅದರಿಂದ ಏನೂ ಸಿಗದು.

ಅಪಾರ್ಟ್‌ಮೆಂಟಿನವರ ವಾದ ಬೇರೆ: ಚರಂಡಿ ಎಲ್ಲರದ್ದು, ಒಬ್ಬನೇ ನೋಡಿ ಮಾಡುವುದೇನು? ಎಲ್ಲರದ್ದು ಎಂಬ ಕಾರಣಕ್ಕೇ ನೋಡಬೇಕು. ಕ್ರಯಪತ್ರದಲ್ಲಿ ಬರುವ ಅವಿಭಜಿತ ಪಾಲಿನ ಜೊತೆ ಒಡೆದ ಕೊಳವೆಯ ಪಾಲೂ ಬರುತ್ತದೆ. ನಾಲ್ಕನೆಯ ಮಹಡಿಯವರಿಗೆ ವಾಸನೆ ಬರದಿರಬಹುದು, ಅಸೋಸಿಯೇಷನ್ನಿನ ವಂತಿಗೆಯ ಚೀಟಿ ಬಂದೇ ಬರುತ್ತದೆ.

ಇಷ್ಟೂ ಹಣದ ಮಾತು. ಹಣಕ್ಕಿಂತ ದೊಡ್ಡದು ಇನ್ನೊಂದಿದೆ. ನೋಡದೆ ಕೊಂಡ ಚರಂಡಿ ಒಂದು ಭಾನುವಾರ ಕಟ್ಟಿಕೊಂಡಾಗ ಮನೆಯ ಯಜಮಾನ ಗುಂಡಿಗೆ ಇಳಿಯುವುದಿಲ್ಲ. ಯಾರದೋ ಫೋನ್ ನಂಬರಿಗೆ ಕರೆ ಹೋಗುತ್ತದೆ, ಇಬ್ಬರು ಬಿದಿರ ಸೀಳು ಹಿಡಿದು ಬರುತ್ತಾರೆ, ಸೀಳಿಗೆ ಬಗ್ಗದಿದ್ದರೆ ಒಬ್ಬ ಇಳಿಯುತ್ತಾನೆ. ಒಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತು ಎಂದುಕೊಳ್ಳುವಷ್ಟರಲ್ಲಿ ಉಸಿರೂ ನಿಲ್ಲಬಹುದು. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಅಪರಾಧವೆಂದಿದೆ: ಮೊದಲ ಬಾರಿಗೆ ಎರಡು ವರ್ಷದವರೆಗೆ ಜೈಲು, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಈ ನಿಷೇಧ ಪಾಲಿಕೆಗಳಿಗಷ್ಟೇ ಅಲ್ಲ, ಕರೆಸಿದ ಯಾವ ವ್ಯಕ್ತಿಗೂ ಅನ್ವಯ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿತು. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ದಶಕಗಳಿಂದ ಹೇಳುತ್ತಿರುವುದೂ ಇದನ್ನೇ: ಈ ಸಾವುಗಳು ಆಕಸ್ಮಿಕಗಳಲ್ಲ. ಕೊಳ್ಳುವ ಮೊದಲು ಒಂದು ಗಂಟೆ ನೋಡಲೊಲ್ಲದವರು ಆ ಅಪಾಯವನ್ನು ಇನ್ನೊಬ್ಬನ ಮೈಗೆ ದಾಟಿಸುತ್ತಾರೆ. ದಾಟಿಸುವುದು ಯಾರ ಮೈಗೆ ಎಂಬುದನ್ನು ಬಹುಪಾಲು ಜಾತಿಯೇ ನಿರ್ಧರಿಸಿರುತ್ತದೆ.

ನೋಡುವುದು ಕಷ್ಟವೇನಲ್ಲ. ಮನೆಯಿಂದ ರಸ್ತೆಯವರೆಗಿನ ಎಲ್ಲ ಚೇಂಬರುಗಳ ಮುಚ್ಚಳ ತೆಗೆಸಬೇಕು, ಯಾರನ್ನೂ ಒಳಗಿಳಿಸದೆ. ತಳದ ಕಾಲುವೆಗಿಂತ ಮೇಲೆ ಗೋಡೆಯಲ್ಲಿ ಕಲೆಯ ಗೆರೆ ಇದ್ದರೆ ಅದು ಹಿಂದೆ ತುಂಬಿ ನಿಂತ ಗುರುತು. ಮೇಲಿನ ಮಹಡಿಯ ಕಮೋಡಿಗೆ ಬಟ್ಟೆಯ ನೀಲಿ ಕಲಸಿದ ಎರಡು ಬಕೆಟ್ ನೀರು ಹಾಕಿ ಕೊನೆಯ ಚೇಂಬರಿನಲ್ಲಿ ಬಣ್ಣ ಬರುತ್ತದೆಯೇ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕಾಯಬೇಕು. ಒಂದು ಚೇಂಬರಿನಲ್ಲಿ ದೀಪ, ಇನ್ನೊಂದರಲ್ಲಿ ಕನ್ನಡಿ ಹಿಡಿದರೆ ನಡುವಿನ ಕೊಳವೆ ನೆಟ್ಟಗಿದೆಯೇ ಎಂದು ತಿಳಿಯುತ್ತದೆ. ಇದು ಎಂಜಿನಿಯರುಗಳ ಹಳೆಯ ಪರೀಕ್ಷೆ. ಅನುಮಾನ ಉಳಿದರೆ ಕೊಳವೆಯೊಳಗೆ ತೂರಿಸುವ ಕ್ಯಾಮೆರಾ ತರಿಸಬೇಕು. ಮಳೆಗಾಲದಲ್ಲಿ ಒಮ್ಮೆ ಬಂದು ನೆಲಮಹಡಿಯವರನ್ನು ಮಾತನಾಡಿಸಬೇಕು. ಕಂಡದ್ದನ್ನು ಬರೆದಿಟ್ಟು, ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಇಷ್ಟೆಲ್ಲ ಕೇಳಿದರೆ ಮಾರುವವರು ಬೇರೆ ಗಿರಾಕಿಯನ್ನು ನೋಡಿಕೊಳ್ಳುತ್ತಾರೆ ಎಂಬ ಹೆದರಿಕೆಯನ್ನು ಬ್ರೋಕರುಗಳು ಬಿತ್ತುತ್ತಾರೆ. ಲಿಂಕ್ ಡಾಕ್ಯುಮೆಂಟು ತೋರಿಸಲೊಪ್ಪದ ಮಾರಾಟಗಾರನಿಗೆ ಮುಂಗಡ ಕೊಡಿ ಎಂದು ಅದೇ ಬ್ರೋಕರು ಹೇಳುವುದಿಲ್ಲ. ಚೇಂಬರೂ ಮನೆಯ ಒಂದು ದಾಖಲೆಯೇ. ಸಾಲ ಕೊಡುವ ಬ್ಯಾಂಕು ವಕೀಲರ ಅಭಿಪ್ರಾಯ ಕೇಳುವಂತೆ ಚರಂಡಿಯ ವರದಿಯನ್ನೂ ಕೇಳಬೇಕು. ಅದು ಕೇಳುವವರೆಗೆ, ಮುಚ್ಚಳ ತೆಗೆಯಲೊಪ್ಪದ ಮನೆಗೆ ಮುಂಗಡ ಕೊಡದೆ ಎದ್ದುಬರುವುದು ಕೊಳ್ಳುವವರ ಕೈಯಲ್ಲೇ ಇದೆ.