ಪ್ರಾಶಸ್ತ್ಯ ಮತ: ಮತ ವಿಭಜನೆಗೆ ಮದ್ದೇ, ಮತದಾರರಿಗೆ ತಲೆನೋವೇ?

1969ರ ರಾಷ್ಟ್ರಪತಿ ಚುನಾವಣೆ. ಕಣದಲ್ಲಿ ಕಾಂಗ್ರೆಸ್‌ನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ, ಪಕ್ಷೇತರರಾಗಿ ವಿ.ವಿ. ಗಿರಿ. ಗೆಲ್ಲಲು ಬೇಕಿದ್ದ ಮತಮೌಲ್ಯ 4,18,169. ಮೊದಲ ಎಣಿಕೆಯಲ್ಲಿ ಗಿರಿ ಅವರಿಗೆ ಸಿಕ್ಕಿದ್ದು 4,01,515. ಹಿಂದುಳಿದವರನ್ನು ಕಣದಿಂದ ಹೊರಗಿಟ್ಟು, ಅವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಿದ ಮೇಲಷ್ಟೇ ಅವರು 4,20,077ಕ್ಕೆ ತಲುಪಿ ರಾಷ್ಟ್ರಪತಿಯಾದರು.

ಇದೇ ಪ್ರಾಶಸ್ತ್ಯ ಮತದಾನ. ಮತದಾರರು ಒಬ್ಬರಿಗಷ್ಟೇ ಮತ ಒತ್ತುವ ಬದಲು 1, 2, 3 ಎಂದು ಕ್ರಮ ಬರೆಯುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕೊನೆಯಲ್ಲಿರುವವರು ಹೊರಬೀಳುತ್ತಾರೆ. ಅವರ ಮತಗಳು ಮುಂದಿನ ಆಯ್ಕೆಗೆ ವರ್ಗವಾಗುತ್ತವೆ.

ಲಾಭವೇನು?

ದೊಡ್ಡ ಲಾಭ, ಮತ ವಿಭಜನೆಯ ಭಯ ಕಡಿಮೆಯಾಗುವುದು. 2013ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಯಡಿಯೂರಪ್ಪ ಅವರ ಕೆಜೆಪಿ ಬಿಜೆಪಿ ಮತಗಳನ್ನು ಒಡೆಯಿತು. ಸುಮಾರು ಶೇ 37ರಷ್ಟು ಮತ ಪಡೆದ ಕಾಂಗ್ರೆಸ್ 224ರಲ್ಲಿ 122 ಸ್ಥಾನ ಗೆದ್ದಿತು. ಕ್ರಮಾಂಕ ಬರೆಯುವ ಅವಕಾಶವಿದ್ದಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ ಎಂಬುದು ಬೇರೆ ಮಾತು. ‘ನನ್ನ ಮತ ವ್ಯರ್ಥವಾದೀತು’ ಎಂಬ ಅಳುಕಿಲ್ಲದೆ ಜನ ಮತ ಹಾಕಬಹುದಿತ್ತು.

ಪ್ರಚಾರದ ಧಾಟಿಯೂ ಬದಲಾಗುತ್ತದೆ. 2025ರ ನ್ಯೂಯಾರ್ಕ್ ಮೇಯರ್ ಹುದ್ದೆಯ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಜೊಹ್ರಾನ್ ಮಮ್ದಾನಿ ಮತ್ತು ಬ್ರಾಡ್ ಲ್ಯಾಂಡರ್ ಪ್ರತಿಸ್ಪರ್ಧಿಗಳಾಗಿದ್ದೂ ಪರಸ್ಪರರಿಗೆ ಎರಡನೇ ಪ್ರಾಶಸ್ತ್ಯ ಕೇಳಿದರು. ಎದುರಾಳಿಯ ಬೆಂಬಲಿಗರ ಎರಡನೇ ಮತ ಬೇಕಿದ್ದವರು ಅವರನ್ನು ಬೈಯುವಾಗ ಯೋಚಿಸಬೇಕಾಗುತ್ತದೆ.

ತೊಡಕೇನು?

ಆದರೆ ಪದ್ಧತಿ ದೋಷಮುಕ್ತವಲ್ಲ. 2022ರ ಆಗಸ್ಟ್‌ನಲ್ಲಿ ಅಲಾಸ್ಕಾದಲ್ಲಿ ನಡೆದ ಉಪಚುನಾವಣೆಯಲ್ಲಿ ರಿಪಬ್ಲಿಕನ್ ನಿಕ್ ಬೆಗಿಚ್ ಮೂರನೇ ಸ್ಥಾನಕ್ಕಿಳಿದು ಹೊರಬಿದ್ದರು. ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲಾ, ಸಾರಾ ಪಾಲಿನ್ ಅವರನ್ನು ಸೋಲಿಸಿದರು. ಮತಪತ್ರಗಳ ವಿಶ್ಲೇಷಣೆ ಹೇಳಿದ್ದೇ ಬೇರೆ: ನೇರ ಪೈಪೋಟಿಯಲ್ಲಿ ಬೆಗಿಚ್ ಇಬ್ಬರನ್ನೂ ಸೋಲಿಸಬಲ್ಲವರಾಗಿದ್ದರು. ಅವರ ಬೆಂಬಲಿಗರಲ್ಲಿ ಐದರಲ್ಲೊಂದು ಪಾಲು ಜನ ಎರಡನೇ ಆಯ್ಕೆಯನ್ನೇ ಬರೆದಿರಲಿಲ್ಲ. ಆ ಮತಗಳು ಅಂತಿಮ ಎಣಿಕೆಗೆ ಬರಲೇ ಇಲ್ಲ.

ಎಣಿಕೆಯೂ ಸುಲಭವಲ್ಲ. 2021ರಲ್ಲಿ ನ್ಯೂಯಾರ್ಕ್ ಚುನಾವಣಾ ಮಂಡಳಿ ಸುಮಾರು 1.35 ಲಕ್ಷ ಪರೀಕ್ಷಾರ್ಥ ಮತಗಳನ್ನು ಲೆಕ್ಕಕ್ಕೆ ಸೇರಿಸಿ, ಪ್ರಕಟಿಸಿದ ಫಲಿತಾಂಶವನ್ನು ಹಿಂಪಡೆಯಬೇಕಾಯಿತು.

ನಮ್ಮಲ್ಲೇ ಪಾಠವಿದೆ

ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಪದವೀಧರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಇದು ಹೊಸತಲ್ಲ. 2021ರಲ್ಲಿ ಹೈದರಾಬಾದ್ ಒಳಗೊಂಡ ಪದವೀಧರ ಕ್ಷೇತ್ರದಲ್ಲಿ 90ಕ್ಕೂ ಹೆಚ್ಚು ಅಭ್ಯರ್ಥಿಗಳಿದ್ದರು. ಎಣಿಕೆ ದಿನಗಟ್ಟಲೆ ಸಾಗಿತು. 1 ಎಂಬ ಅಂಕಿ ಬರೆಯದೆ ಟಿಕ್ ಹಾಕಿದರೆ, ಇಬ್ಬರ ಮುಂದೆ 1 ಎಂದು ಬರೆದರೆ ಮತ ಅಸಿಂಧು. ಓದಿದವರ ಕ್ಷೇತ್ರದಲ್ಲೇ ಪ್ರತಿ ಬಾರಿ ಸಾವಿರಾರು ಮತಗಳು ಹೀಗೆ ಕಸದ ಬುಟ್ಟಿ ಸೇರುತ್ತವೆ.

ವಿಧಾನಸಭೆ, ಲೋಕಸಭೆಗೆ ಇದನ್ನು ತರುವುದಾದರೆ ಒಂದೇ ಗುಂಡಿ ಒತ್ತುವ ಈಗಿನ ಮತಯಂತ್ರ ಸಾಲದು, ಕಾನೂನೂ ಬದಲಾಗಬೇಕು. ಅದಕ್ಕಿಂತ ಮುಖ್ಯವಾಗಿ, ಅಕ್ಷರ ಬಾರದ ಮತದಾರರ ಕೈಯಲ್ಲೂ ಅದು ತಪ್ಪಿಲ್ಲದೆ ನಡೆಯಬೇಕು. ಗೆದ್ದವರಿಗೆ ಬಹುಮತ ದೊರಕಿಸುವ ಹೆಸರಿನಲ್ಲಿ ಬಡವರ ಮತ ಅಸಿಂಧುವಾದರೆ ಸುಧಾರಣೆಯ ಉದ್ದೇಶವೇ ಸೋಲುತ್ತದೆ. ಮತದಾರರು ಕಡಿಮೆಯಿರುವ ಪದವೀಧರ ಕ್ಷೇತ್ರಗಳಲ್ಲಿ ಅಸಿಂಧು ಮತಗಳನ್ನು ತಗ್ಗಿಸಿ ತೋರಿಸುವುದೇ ಮೊದಲ ಹೆಜ್ಜೆಯಾಗಬೇಕು.