ಏಳು ದಿನಕ್ಕೆ ಮುಗಿಯದ ಚಿಕಿತ್ಸೆ



ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸುಪ್ರೀಂ ಕೋರ್ಟ್ ಗಡುವು ಕೊಟ್ಟ ಮೇಲೆ ಬಂದದ್ದಾದರೂ ಸ್ವಾಗತಿಸಬೇಕಾದದ್ದೇ. ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ, ಅಪಘಾತವಾದ ದಿನದಿಂದ ಏಳು ದಿನ. ನನ್ನ ತಕರಾರು ಈ ಏಳು ದಿನದ ಬಗ್ಗೆ.

ನಮ್ಮ ಅಕ್ಕನ ಮಗನ ತೊಡೆಗಳು ಮಗುಚಿದ ಗೂಡ್ಸ್ ವಾಹನದಡಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದವು. ಮುರಿದ ಮೂಳೆಗೆ ರಾಡ್ ಹಾಕಿದ್ದಾಯಿತು, ಗಂಡಾಂತರ ಕಳೆಯಿತು ಅಂದುಕೊಂಡೆವು. ಮಾರನೇ ದಿನ ಮೂತ್ರದ ಚೀಲಕ್ಕೆ ಕಾಫಿ ಡಿಕಾಕ್ಷನ್ ಬಣ್ಣದ್ದು ಒಂದಿಷ್ಟು ಇಳಿದು ನಿಂತೇಹೋಯಿತು. ಜಜ್ಜಿದ ಸ್ನಾಯುವಿನಿಂದ ಹೊರಬಿದ್ದ ಮಯೋಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ ಎಂದರು ಡಾಕ್ಟರು. ಡಯಾಲಿಸಿಸ್ ಶುರುವಾಯಿತು. ಆಮೇಲೆ ಶ್ವಾಸಕೋಶ ಕೈಕೊಟ್ಟು ವೆಂಟಿಲೇಟರ್ ಬಂತು. ಎಂಟನೇ ದಿನ ಬೆಳಿಗ್ಗೆ ಬಿಲ್ಲಿಂಗ್ ಕೌಂಟರಿನವರು ಅಕ್ಕನನ್ನು ಕರೆದು, ಇನ್ನು ಮುಂದಿನದು ನಿಮ್ಮ ಖರ್ಚು ಎಂದರು. ಹುಡುಗನಿಗೆ ಆಗ ಪ್ರಜ್ಞೆಯೂ ಇರಲಿಲ್ಲ.

ವೈದ್ಯಲೋಕಕ್ಕೆ ಇದು ಹೊಸದಲ್ಲ. ಲಂಡನ್ ಮೇಲೆ ಬಾಂಬ್ ಬಿದ್ದ ಕಾಲದಲ್ಲಿ, ಅವಶೇಷದಡಿಯಿಂದ ಜೀವಂತವಾಗಿ ಹೊರಬಂದವರು ಮೂತ್ರ ನಿಂತು ಸುಮಾರು ಒಂದು ವಾರದಲ್ಲಿ ತೀರಿಕೊಂಡದ್ದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲೇ ಬರೆದಿಟ್ಟಿದ್ದಾರೆ. ಈಗ ಡಯಾಲಿಸಿಸ್ ಇದೆ. ಜೀವ ಹಿಡಿದಿಟ್ಟರೆ ಇಂಥ ಮೂತ್ರಪಿಂಡಗಳು ಬಹುಪಾಲು ತಾವಾಗಿಯೇ ಮತ್ತೆ ಕೆಲಸ ಶುರುಮಾಡುತ್ತವೆ. ಆದರೆ ಅದಕ್ಕೆ ವಾರಗಳೇ ಬೇಕು. ಉಳಿಯಬಲ್ಲ ರೋಗಿಯ ಕೈಯನ್ನು ನಡುನೀರಿನಲ್ಲಿ ಬಿಡುವುದು ಯಾವ ನ್ಯಾಯ?

ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಸಾಯುವ ಹೊತ್ತಿನಲ್ಲೂ ಅಂಗದಾನ ಮಾಡಿ ಎಂದ ಹರೀಶ್ ಹೆಸರಿನಲ್ಲಿ ನಮ್ಮ ರಾಜ್ಯ 2016ರಲ್ಲಿ ತಂದ ಯೋಜನೆಯೂ ಮೊದಲ 48 ಗಂಟೆಗಷ್ಟೇ. ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೇಂದ್ರ ಎದ್ದು ಓಡಾಡುವ ರೋಗಿಗೆ ಸರಿ, ಐಸಿಯುನಲ್ಲಿ ಮಲಗಿದವನಿಗಲ್ಲ. ಅಪಘಾತ ಪರಿಹಾರದ ದಾವೆಯಂತೂ ವರ್ಷಗಳ ಮಾತು.

ಅವಧಿಯನ್ನು ಕ್ಯಾಲೆಂಡರ್ ಅಲ್ಲ, ಚಿಕಿತ್ಸೆ ಕೊಡುತ್ತಿರುವ ವೈದ್ಯರು ತೀರ್ಮಾನಿಸಲಿ. ಕನಿಷ್ಠ, ಏಳನೇ ದಿನ ಮುಗಿದೊಡನೆ ಕಡತ ತಾನಾಗಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ವರ್ಗವಾಗಲಿ. ಐಸಿಯು ಬಾಗಿಲಲ್ಲಿ ನಿಂತ ತಾಯಿ ರೆಫರಲ್ ಚೀಟಿಗೆ ಅಲೆಯುವುದು ತಪ್ಪಲಿ. ಮೂತ್ರಪಿಂಡ ಸರಿಹೋದ ಮೇಲೂ ನಮ್ಮ ಹುಡುಗನಿಗೆ ಚಮಚ ಎತ್ತುವ ಶಕ್ತಿ ಇರಲಿಲ್ಲ. ಮಲಗಿದಲ್ಲೇ ಸ್ನಾಯು ಕರಗಿತ್ತು. ಫಿಸಿಯೋಥೆರಪಿ ಸಿಗದಿದ್ದರೆ ಅವನು ಹಾಸಿಗೆಯಲ್ಲೇ ಉಳಿಯುತ್ತಿದ್ದ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇಂಥವರಿಗೊಂದು ಪುನಶ್ಚೇತನ ವಾರ್ಡ್ ಬೇಕು, ಅದರ ವೆಚ್ಚವೂ ಇದೇ ಯೋಜನೆಗೆ ಸೇರಬೇಕು. ಆರೋಗ್ಯ ಸಚಿವರು ಈ ಬೇಡಿಕೆಯನ್ನು ಕೇಂದ್ರದ ಮುಂದಿಡಲಿ.

– ಓದುಗ, ತಿಪಟೂರು